ಲೋಕಾಯುಕ್ತಕ್ಕೆ ದೂರು ಕೊಟ್ಟರೆ ಕೆಲಸವಾಗುತ್ತದೆಯೇ, ಇಲ್ಲ ಕಡತವೇ ಕಾಣೆಯಾಗುತ್ತದೆಯೇ?

ಪಹಣಿಪುರಾಣ:
ತಂದೆಯವರು ಹೋದ ಮೇಲೆ ಅಣ್ಣನೂ ನಾನೂ ಜಮೀನು ಭಾಗ ಮಾಡಿಕೊಂಡಿದ್ದೇವೆ. ಜಗಳವಿಲ್ಲ, ತಕರಾರಿಲ್ಲ. ವಿಭಾಗ ಪತ್ರ ನೋಂದಣಿಗೆ 11ಇ ನಕ್ಷೆ, ಅಂದರೆ ಭಾಗವಾಗುವ ಜಮೀನಿನ ಅಳತೆಯ ನಕ್ಷೆ ಬೇಕು. ಅರ್ಜಿ ಹಾಕಿ ಶುಲ್ಕ ಕಟ್ಟಿದೆವು. ಭೂಮಾಪಕರು ಬಂದರು, ಅಳೆದರು, ಮನೆಯಲ್ಲಿ ಕಾಫಿ ಕುಡಿದು ಹೋದರು. ನಕ್ಷೆ ಮಾತ್ರ ಬರಲಿಲ್ಲ. ವಿಚಾರಿಸಿದರೆ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿ ಎಂದರು. ಅವನು ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ, "ಹದಿನೈದು ಕೊಟ್ಟುಬಿಡಿ, ಶುಕ್ರವಾರ ಕೈಗೆ ಸಿಗುತ್ತದೆ. ಸಾಹೇಬರು ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ" ಎಂದ. ಹದಿನೈದು ಎಂದರೆ ಹದಿನೈದು ಸಾವಿರ.

ಅಣ್ಣ ಕೊಟ್ಟುಬಿಡೋಣ ಎನ್ನುತ್ತಾನೆ. ನನಗೆ ಲೋಕಾಯುಕ್ತಕ್ಕೆ ಹೋಗಬೇಕು ಅನ್ನಿಸುತ್ತಿದೆ. ಹೋದವರು ಯಾರಾದರೂ ಇದ್ದೀರಾ?

ಅಡ್ಡಗೋಡೆ:
ನಿಮ್ಮ ಅಣ್ಣ ಬುದ್ಧಿವಂತರು.

ಟಪ್ಪಾಲುಗುಮಾಸ್ತ:
ಮೂವತ್ತು ವರ್ಷಕ್ಕೂ ಮೇಲೆ ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಜೆರಾಕ್ಸ್ ಅಂಗಡಿ ಎಂದಿರಲ್ಲ, ಅಲ್ಲೇ ಎಲ್ಲ ಇದೆ. ನನ್ನ ಕಾಲದಲ್ಲಿ ಅದು ಸ್ಟಾಂಪ್ ವೆಂಡರ್ ಮೇಜಾಗಿತ್ತು, ಅದಕ್ಕೂ ಮೊದಲು ಹೋಟೆಲಿನ ಗಲ್ಲಾ. ಹಣ ಎಂದೂ ಕಚೇರಿಯ ಹೊಸ್ತಿಲು ದಾಟುವುದಿಲ್ಲ, ಸಂಜೆ ಹಂಚಿಕೆಯಾಗುತ್ತದೆ. ಆ ಹದಿನೈದೂ ಭೂಮಾಪಕನೊಬ್ಬನ ಜೇಬಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ಆ ತಾಲ್ಲೂಕಿಗೆ ವರ್ಗವಾಗಿ ಬರಲು ಅವನೂ ಎಲ್ಲೋ ಸುರಿದು ಬಂದಿರುತ್ತಾನೆ. ಹಾಕಿದ ಬಂಡವಾಳಕ್ಕೆ ಬಡ್ಡಿ ಎತ್ತುತ್ತಿದ್ದಾನೆ, ಅಷ್ಟೆ. ಅವನನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಆಳ ಎಷ್ಟಿದೆ ಎಂದು ಗೊತ್ತಿದ್ದು ಇಳಿಯಿರಿ ಎಂದು ಹೇಳುತ್ತಿದ್ದೇನೆ.

ವಕಾಲತ್ತು:
ಪಹಣಿಪುರಾಣರವರೇ, ಕೊಡುವುದಕ್ಕೆ ಮೊದಲು ಒಂದು ವಿಷಯ ತಿಳಿದಿರಲಿ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಮೊದಲೇ ತಿಳಿಸಿ, ಅವರ ಸೂಚನೆಯಂತೆ ಹಣ ಕೊಟ್ಟವರಿಗೂ ರಕ್ಷಣೆಯಿದೆ. ಸುಮ್ಮನೆ ಕೊಟ್ಟು, ನಕ್ಷೆ ಪಡೆದು, ಆಮೇಲೆ ಯಾವಾಗಲೋ ದೂರು ಕೊಡುತ್ತೇನೆ ಎಂದರೆ ನೀವೇ ಆರೋಪಿ ಸ್ಥಾನದಲ್ಲಿ ನಿಂತಿರುತ್ತೀರಿ.

ಅಂಗಡಿಯವನ ವಿಷಯ: ಸರ್ಕಾರಿ ನೌಕರನ ಮೇಲೆ ಪ್ರಭಾವ ಬೀರುತ್ತೇನೆ ಎಂದು ಹಣ ತೆಗೆದುಕೊಳ್ಳುವ ಮಧ್ಯವರ್ತಿಯೂ ಅದೇ ಕಾಯ್ದೆಯ 7ಎ ಕಲಮಿನ ಅಡಿ ಬರುತ್ತಾನೆ. ಆದರೆ ಭೂಮಾಪಕ ಸಿಕ್ಕಬೇಕಾದರೆ ಆತನೇ ಬೇಡಿಕೆ ಇಟ್ಟದ್ದು ಸಾಬೀತಾಗಬೇಕು. ಕೈಗೆ ಹಣ ಸೇರಿದ್ದಷ್ಟೇ ಸಾಲದು, ಕೇಳಿದ್ದೂ ತೋರಬೇಕು. "ಸಾಹೇಬರು ಕೇಳಿಲ್ಲ" ಎಂದು ಅವನು ಯಾರೂ ಕೇಳದೆ ಹೇಳಿದನಲ್ಲ, ಆ ಮಾತು ಅವನು ಕಂಡುಹಿಡಿದದ್ದಲ್ಲ. ಯಾರೋ ಕಲಿಸಿದ್ದಾರೆ.

ಅಡ್ಡಗೋಡೆ:
ಎಲ್ಲ ಸರಿ ವಕೀಲರೇ. ಭೂಮಾಪಕ ಸಿಕ್ಕಿಬಿದ್ದ ಎಂದುಕೊಳ್ಳೋಣ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ, ಮೂರು ತಿಂಗಳು ಅಮಾನತು, ಆಮೇಲೆ ಇನ್ನೊಂದು ತಾಲ್ಲೂಕಿನಲ್ಲಿ ಹಾಜರಿ. ಈ ರಾಜ್ಯದಲ್ಲಿ ಬೆಟ್ಟವನ್ನೇ ಲಾರಿಗೆ ತುಂಬಿ ಮಾರಿದವರಿಗೆ ಏನಾಯಿತು ಎಂದು ನೋಡಿದ್ದೇವಲ್ಲ. ಹದಿನೈದು ಸಾವಿರಕ್ಕೆ ಬಲೆ ಹಾಕುವ ವ್ಯವಸ್ಥೆಯ ಮೇಲೆ ನನಗೆ ಗೌರವವಿಲ್ಲ.

ಕೆಂಧೂಳು:
ಬೆಟ್ಟದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಹೊಸಪೇಟೆಯವನು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಕಾಲದಲ್ಲಿ ಸಾಲ ಮಾಡಿ ಟಿಪ್ಪರ್ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ.

ಆಗ ನಡೆದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಗಣಿ ಧಣಿಗಳ ಹೆಲಿಕಾಪ್ಟರ್, ಬಂಗಾರದ ಕುರ್ಚಿ ಇಷ್ಟೇ ನೆನಪಿದೆ. ನಮಗೆ ನೆನಪಿರುವುದು ಕಾಗದ. ಒಂದು ಲೋಡ್ ಅದಿರು ಗಣಿಯಿಂದ ಬಂದರಿಗೆ ಹೋಗಲು ಗಣಿ ಇಲಾಖೆಯ ಪರ್ಮಿಟ್ ಬೇಕು, ಅರಣ್ಯ ಇಲಾಖೆಯ ರಹದಾರಿ ಬೇಕು, ವೇಬ್ರಿಡ್ಜ್‌ನ ತೂಕದ ಚೀಟಿ ಬೇಕು. ದಾರಿಯುದ್ದಕ್ಕೂ ಸಾರಿಗೆ ಇಲಾಖೆ, ಪೊಲೀಸ್ ಠಾಣೆ, ಚೆಕ್‌ಪೋಸ್ಟ್. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಅಂಕೋಲೆ ಸೇರುವ ತನಕ ಯಾರಾದರೂ ಒಬ್ಬ ನೌಕರ ಕೈ ಅಡ್ಡ ಇಟ್ಟಿದ್ದರೂ ಲಾರಿ ನಿಲ್ಲಬೇಕಿತ್ತು. ಯಾರೂ ಇಡಲಿಲ್ಲ. ಪರ್ಮಿಟ್ ಇಲ್ಲದ ಅದಿರನ್ನು ಯಾವ ತೊಂದರೆಯೂ ಇಲ್ಲದೆ ಮುಟ್ಟಿಸುವ ಏರ್ಪಾಡಿಗೆ "ಝೀರೋ ರಿಸ್ಕ್" ಎಂದೇ ಹೆಸರಿತ್ತು, ಲೋಕಾಯುಕ್ತ ವರದಿಯಲ್ಲೂ ಅದೇ ಹೆಸರಿನಿಂದ ಬಂದಿದೆ. ಹೊರಟ ಲಾರಿಯ ಬಗ್ಗೆ ಮುಂದಿನ ಎಲ್ಲರಿಗೂ ಮೊದಲೇ ಮಾತು ಹೋಗಿರುತ್ತಿತ್ತು. ಚಾಲಕ ಕಿಟಕಿಯ ಗಾಜನ್ನೂ ಇಳಿಸಬೇಕಿರಲಿಲ್ಲ.

ಯಾಕೆ ಅಷ್ಟು ಆಸೆ ಎಂದರೆ, 2009ರ ಆಗಸ್ಟ್‌ವರೆಗೆ ಅದಿರಿನ ಮೇಲಿನ ರಾಯಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಚೀನಾದಲ್ಲಿ ಅದೇ ಟನ್ನು ಸಾವಿರಾರು ರೂಪಾಯಿ. ಸರ್ಕಾರಕ್ಕೆ ಒಂದು ಊಟದ ದುಡ್ಡು ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯುವ ವ್ಯಾಪಾರ ಅದು. ಕಾನೂನುಬದ್ಧ ಗಣಿಯಲ್ಲೇ ಅಷ್ಟು ಲಾಭವಿರುವಾಗ, ಆ 27 ರೂಪಾಯಿಯನ್ನೂ ಉಳಿಸಿದವರ ದುರಾಸೆಗೆ ಏನು ಹೇಳುವುದು?

ಅಂಕೋಲೆಯವ:
ಕೆಂಧೂಳು ಅವರು ಘಾಟಿ ಇಳಿಸಿದ್ದನ್ನು ನಾವು ಈ ತುದಿಯಲ್ಲಿ ನುಂಗುತ್ತಿದ್ದೆವು. ನಮ್ಮ ಅಂಕೋಲೆಯ ಬೇಲೆಕೇರಿ ಎಂಬುದು ದೊಡ್ಡ ಬಂದರು ಎಂದುಕೊಂಡವರಿದ್ದಾರೆ. ಅಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ, ಆಳ ಸಾಲದು. ಅದಿರನ್ನು ಬಾರ್ಜ್‌ಗೆ (ಚಪ್ಪಟೆ ತಳದ ಸರಕು ದೋಣಿಗೆ) ತುಂಬಿ, ಬಾರ್ಜ್ ಹೋಗಿ ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಸುರಿಯಬೇಕು.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆಯವರು ಇಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿದರು. ಕೆಲವೇ ತಿಂಗಳಲ್ಲಿ ನೋಡಿದರೆ ಅದರಲ್ಲಿ 6 ಲಕ್ಷ ಟನ್ನಿನಷ್ಟು ಇಲ್ಲ. ಕಳ್ಳ ಬಂಗಾರ ಕದ್ದರೆ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಇದು 6 ಲಕ್ಷ ಟನ್ ಮಣ್ಣು. ಒಂದು ಹಡಗಿಗೆ 50 ಸಾವಿರ ಟನ್ ಎಂದು ಹಿಡಿದರೂ ಹನ್ನೆರಡು ಹಡಗು ಬಂದು ನಿಂತು, ಹಗಲೂ ರಾತ್ರಿ ಬಾರ್ಜ್ ಓಡಾಡಿ, ಸುಂಕದ ಕಾಗದಕ್ಕೆ ಮೊಹರು ಬಿದ್ದು ಹೋಗಬೇಕು. ಮೀನು ಹಿಡಿಯಲು ಹೋದವರೆಲ್ಲ ಅದನ್ನು ನೋಡಿದ್ದಾರೆ. ನೋಡಬೇಕಾದ ಕಚೇರಿಗಳಿಗೆ ಮಾತ್ರ ಕಾಣಲಿಲ್ಲ.

ಜಪ್ತಿ ಮಾಡಿದ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತು ಮಾಡಲು ಹೊರಟರು. ಅದಿರು ಹೋಯಿತು, ಹಿಡಿದವನೂ ಹೋಗಲಿ ಎಂಬ ಲೆಕ್ಕ. ಆ ಕಾರಣಕ್ಕೇ 2010ರ ಜೂನ್‌ನಲ್ಲಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಮೇಲೆ ಅಡ್ವಾಣಿಯವರು ಕೇಳಿಕೊಂಡ ಮೇಲೆ ಹಿಂತೆಗೆದುಕೊಂಡರು.

ಬಿಸಿಲೂರು:
ಕ್ಷಮಿಸಿ, ನಾನು ಆಗ ಶಾಲೆಯಲ್ಲಿದ್ದೆ. ಆ ವರದಿಯ ಕಥೆ ಕೊನೆಗೆ ಏನಾಯಿತು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ವಕಾಲತ್ತು:
ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ಅಂತಿಮ ವರದಿ ಸಲ್ಲಿಕೆಯಾದದ್ದು 2011ರ ಜುಲೈ 27ರಂದು. ತನಿಖೆಯ ಬಹುಭಾಗ ಮಾಡಿದ್ದು ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡ. ಅನುಬಂಧಗಳೂ ಸೇರಿ ಸುಮಾರು 25 ಸಾವಿರ ಪುಟ. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯ ಜೊತೆಗೆ ಹಿಂದಿನ ಮುಖ್ಯಮಂತ್ರಿಯೊಬ್ಬರು, ಕಾಂಗ್ರೆಸ್ ಸಂಸದರೊಬ್ಬರು, ನೂರಾರು ಅಧಿಕಾರಿಗಳು ಅದರಲ್ಲಿದ್ದರು. ಮೂರೂ ಪಕ್ಷಗಳ ಹೆಸರಿದ್ದದ್ದರಿಂದಲೇ ಅದರ ಬೆನ್ನು ಹತ್ತಲು ಯಾರಿಗೂ ಪೂರ್ತಿ ಮನಸ್ಸಿರಲಿಲ್ಲ ಎಂಬುದು ನನ್ನ ಅನಿಸಿಕೆ. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, 31ರಂದು ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಒಂದೇ ವಾರ. ಸೆಪ್ಟೆಂಬರ್ 5ರಂದು ಗಣಿ ಉದ್ಯಮಿ ಜನಾರ್ದನ ರೆಡ್ಡಿಯವರ ಬಂಧನ.

ಅಲ್ಲಿಯವರೆಗೆ ಓಡಿದ ಕುದುರೆ ಆಮೇಲೆ ಕುಂಟತೊಡಗಿತು. ವರದಿಯನ್ನು ಆಧರಿಸಿ ಯಡಿಯೂರಪ್ಪನವರ ಮೇಲೆ ಹಾಕಿದ್ದ ಎಫ್‌ಐಆರನ್ನು 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪನವರನ್ನು ಖುಲಾಸೆಗೊಳಿಸಿತು. ಬೇಲೆಕೇರಿ ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಶಿಕ್ಷೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಜಪ್ತಿಯಾಗಿ ಹದಿನಾಲ್ಕು ವರ್ಷಕ್ಕೆ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಓಬಳಾಪುರಂ ಗಣಿ ಕಂಪನಿಯ ಪ್ರಕರಣದಲ್ಲಿ 2025ರ ಮೇನಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ವಿಧಿಸಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್‌ನಿಂದ ಅದಕ್ಕೂ ತಡೆ.

ಅಡ್ಡಗೋಡೆ:
ನಾನು ಹೇಳಿದ್ದನ್ನೇ ನೀವು ತಾರೀಖು ಹಾಕಿ ಹೇಳಿದಿರಿ.

ವಕಾಲತ್ತು:
ಇಲ್ಲ. ನೀವು ಹೇಳಿದ್ದು ಏನೂ ಆಗಲಿಲ್ಲ ಎಂದು. ಸಮಾಜ ಪರಿವರ್ತನಾ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮವೆಸಗಿದ ಸಿ ವರ್ಗದ ಗುತ್ತಿಗೆಗಳನ್ನೇ ರದ್ದು ಮಾಡಿದರು. ಮಾರಾಟ ಇ-ಹರಾಜಿಗೆ ಬಂತು. ಹಾಳಾದ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ಸಂಗ್ರಹವಾಯಿತು. ವ್ಯಕ್ತಿಗಳು ತಪ್ಪಿಸಿಕೊಂಡಿರಬಹುದು, ಆ ವ್ಯಾಪಾರ ನಿಂತಿತು. ಇವೆರಡನ್ನೂ ಒಂದೇ ತಟ್ಟೆಗೆ ಹಾಕಬೇಡಿ.

ಕೆಂಧೂಳು:
ವ್ಯಾಪಾರ ನಿಂತಿತು, ಹೌದು. ನಮ್ಮ ಬೀದಿಯಲ್ಲಿ ಸಾಲು ಲಾರಿಗಳು ಟಯರ್ ಇಳಿದು ನಿಂತವು, ಫೈನಾನ್ಸ್‌ನವರು ಒಂದೊಂದಾಗಿ ಎಳೆದುಕೊಂಡು ಹೋದರು. ಜೈಲಿಗೆ ಹೋಗಬೇಕಾದವರಿಗೆ ವಕೀಲರು ಸಿಕ್ಕರು, ಚಾಲಕರಿಗೆ ಬೆಂಗಳೂರಿನ ಬಸ್ಸು ಸಿಕ್ಕಿತು. ನಿಲ್ಲಿಸಿದ್ದು ತಪ್ಪು ಎನ್ನುತ್ತಿಲ್ಲ. ಸಂಡೂರಿನ ಕಡೆ ಮರದ ಎಲೆ ಮತ್ತೆ ಹಸಿರು ಕಂಡಾಗ ನನಗೂ ಸಂತೋಷವಾಗಿದೆ. ಆದರೆ ಲೆಕ್ಕದಲ್ಲಿ ಇದೂ ಇರಲಿ.

ಟಪ್ಪಾಲುಗುಮಾಸ್ತ:
ನೀವೆಲ್ಲ ಗಣಿಯನ್ನು ನೋಡುತ್ತಿದ್ದೀರಿ. ನನ್ನ ಕಣ್ಣಿರುವುದು ಲೋಕಾಯುಕ್ತದ ಮೇಲೆ. ವರದಿ ಬಂದ ಮೇಲೆ ಆ ಸಂಸ್ಥೆಗೆ ಏನಾಯಿತು ಎಂಬುದನ್ನು ಯಾರೂ ಕೇಳಲಿಲ್ಲ.

ಕಾಯ್ದೆ ಬಂದದ್ದು 1984ರಲ್ಲಿ, ರಾಮಕೃಷ್ಣ ಹೆಗಡೆಯವರ ಕಾಲ. ನಮ್ಮಂಥ ಗುಮಾಸ್ತರಿಗೆ ಬಹಳ ವರ್ಷ ಅದು ಬೆಂಗಳೂರಿನ ಒಂದು ವಿಳಾಸ, ಅಷ್ಟೆ. 2001ರಲ್ಲಿ ನ್ಯಾಯಮೂರ್ತಿ ವೆಂಕಟಾಚಲ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅವರು ಆಸ್ಪತ್ರೆಗೆ, ಕಚೇರಿಗೆ ಸ್ವತಃ ನುಗ್ಗುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿರದ ಸಾಹೇಬರೆಲ್ಲ ಆಗ ಒಂಬತ್ತೂವರೆಗೇ ಬಂದು ಕೂರುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಜಿನ ಡ್ರಾಯರ್‌ನಲ್ಲಿ ಎಷ್ಟು ಸ್ವಂತ ಹಣವಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಮಾಡುವ ಪದ್ಧತಿ ಇತ್ತಲ್ಲ, ಅದಕ್ಕೆ ಅರ್ಥ ಬಂದದ್ದು ಆಗಲೇ.

2011ರಲ್ಲಿ ಸಂತೋಷ್ ಹೆಗ್ಡೆಯವರು ಹೋದರು. ಅವರ ನಂತರ ಬಂದವರು ನಿವೇಶನದ ವಿವಾದದಲ್ಲಿ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟರು. ಮುಂದೆ 2015ರಲ್ಲಿ ಕಂಡದ್ದಂತೂ ಯಾವ ನಾಟಕಕಾರನೂ ಬರೆಯಲಾರ: ಲೋಕಾಯುಕ್ತ ಕಚೇರಿಯ ಹೆಸರು ಹೇಳಿ, ದಾಳಿ ತಪ್ಪಿಸಲು ಇಂಜಿನಿಯರ್ ಒಬ್ಬರಿಂದ ಒಂದು ಕೋಟಿ ಕೇಳಿದ ಆರೋಪ. ಲೋಕಾಯುಕ್ತರ ಪುತ್ರನ ಬಂಧನವಾಯಿತು. ಅಲ್ಲೇ ಎಸ್‌ಪಿಯಾಗಿದ್ದ ಸೋನಿಯಾ ನಾರಂಗ್ ಅವರು ಬಂದ ದೂರನ್ನು ಮುಚ್ಚಿಡದೆ ಮೇಲಕ್ಕೆ ಬರೆದದ್ದರಿಂದ ವಿಷಯ ಹೊರಬಿತ್ತು. ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು.

ಆಗ ಸರ್ಕಾರ ಏನು ಮಾಡಬೇಕಿತ್ತು? ಕೊಳೆತ ಭಾಗ ಕತ್ತರಿಸಬೇಕಿತ್ತು. ಮಾಡಿದ್ದೇನು? 2016ರ ಮಾರ್ಚ್ 14ರಂದು ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸದೊಂದನ್ನು ಹುಟ್ಟುಹಾಕಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಹೊಸ ದಳ ವರದಿ ಮಾಡಬೇಕಾದದ್ದು ಸರ್ಕಾರಕ್ಕೆ! ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಬೆಕ್ಕಿಗೇ ವಹಿಸಿದ ಹಾಗೆ. ಆ ಆರು ವರ್ಷ ನಮ್ಮ ಕಚೇರಿಗಳಲ್ಲಿ ಯಾರಿಗೂ ನಿದ್ದೆ ಕೆಡಲಿಲ್ಲ, ನಾನು ಬರೆದುಕೊಡುತ್ತೇನೆ.

ಬಿಸಿಲೂರು:
ಅದೇ ಆರು ವರ್ಷದಲ್ಲಿ ಪಿಎಸ್‌ಐ ನೇಮಕಾತಿಯ ಹಗರಣವೂ ಬಂತು. 545 ಹುದ್ದೆ, 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ. ಖಾಲಿ ಬಿಟ್ಟ ಓಎಂಆರ್ ಹಾಳೆಗಳನ್ನು ಆಮೇಲೆ ತುಂಬಿಸಿದ ಆರೋಪ. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ 2022ರ ಜುಲೈನಲ್ಲಿ ಬಂಧಿಸಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿದ್ದ ನನ್ನ ರೂಮ್‌ಮೇಟ್ ಮತ್ತೆ ಬರೆಯಲು ಕೂರುವಾಗ ಮದುವೆಯಾಗಿ ಒಂದು ಮಗುವಿತ್ತು. ಲಕ್ಷಗಟ್ಟಲೆ ಕೊಟ್ಟು ಠಾಣೆಗೆ ಬರುವ ಸಬ್ ಇನ್‌ಸ್ಪೆಕ್ಟರ್ ಮೊದಲ ದಿನ ಯಾರ ದೂರು ಬರೆದುಕೊಳ್ಳುತ್ತಾನೆ ಎಂದು ನಾವು ಹಾಸ್ಟೆಲಿನಲ್ಲಿ ತಮಾಷೆ ಮಾಡುತ್ತಿದ್ದೆವು. ಈಗ ತಮಾಷೆ ಅನ್ನಿಸುವುದಿಲ್ಲ.

ವಕಾಲತ್ತು:
ಗುಮಾಸ್ತರ ಮಾತಿಗೆ ಒಂದು ಸೇರ್ಪಡೆ. 2022ರ ಜುಲೈನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ಅವರು ಆ ದಳವನ್ನು ವಸೂಲಿ ಕೇಂದ್ರ ಎಂದು ತೆರೆದ ನ್ಯಾಯಾಲಯದಲ್ಲೇ ಟೀಕಿಸಿದರು, ತಮಗೆ ವರ್ಗಾವಣೆಯ ಬೆದರಿಕೆ ಬಂದಿದೆ ಎಂದೂ ಹೇಳಿದರು. ಆಗಸ್ಟ್ 11ರಂದು ಬೇರೊಂದು ವಿಭಾಗೀಯ ಪೀಠ ದಳವನ್ನೇ ರದ್ದುಪಡಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ದಳ ಹುಟ್ಟಿದ್ದು ಒಂದು ಪಕ್ಷದ ಕಾಲದಲ್ಲಿ, ಬದುಕಿದ್ದು ಮೂರೂ ಪಕ್ಷಗಳ ಆಶ್ರಯದಲ್ಲಿ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಬೈದರು, ಅಧಿಕಾರಕ್ಕೆ ಬಂದಾಗ ಎಲ್ಲರೂ ಇಟ್ಟುಕೊಂಡರು.

ಅಡ್ಡಗೋಡೆಯವರ ಸಿಟ್ಟಿಗೆ ಕಾರಣ ಕಾಯ್ದೆಯ ಒಳಗೇ ಇದೆ. ಸ್ಥಳದಲ್ಲೇ ಲಂಚ ತೆಗೆದುಕೊಳ್ಳುವಾಗ ಹಿಡಿಯಲು ಯಾರ ಪೂರ್ವಾನುಮತಿಯೂ ಬೇಡ. ಆದರೆ ಅಧಿಕಾರದಲ್ಲಿದ್ದು ಮಾಡಿದ ಶಿಫಾರಸು, ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಲು 17ಎ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಆಮೇಲೆ ವಿಚಾರಣೆಗೆ ಒಪ್ಪಿಸಲು 19ನೇ ಕಲಮಿನ ಮಂಜೂರಾತಿ. ಕೈಯಲ್ಲಿ ನೋಟು ಹಿಡಿದವನಿಗೆ ಒಂದು ಬಾಗಿಲು, ಕಡತಕ್ಕೆ ಸಹಿ ಹಾಕುವವನಿಗೆ ಎರಡು ಬಾಗಿಲು, ಕೀಲಿಕೈ ಅವನ ಬಳಗದವರ ಹತ್ತಿರ.

ಅಡ್ಡಗೋಡೆ:
ಮೈಸೂರಿನ ಮುಡಾ ನಿವೇಶನ ಪ್ರಕರಣವನ್ನೂ ಹೇಳಿ, ಯಾಕೆ ಬಿಟ್ಟಿರಿ? 2024ರ ಆಗಸ್ಟ್‌ನಲ್ಲಿ ರಾಜ್ಯಪಾಲರು ತನಿಖೆಗೆ ಅನುಮತಿ ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ಎಫ್‌ಐಆರ್ ಹಾಕಿದರು, 2025ರ ಫೆಬ್ರವರಿಯಲ್ಲಿ ಅದೇ ಪೊಲೀಸರು ಸಾಕ್ಷ್ಯವಿಲ್ಲ ಎಂದು ವರದಿ ಕೊಟ್ಟರು. ಆ ಪೊಲೀಸರು ಎಲ್ಲಿಂದ ಬಂದವರು? ಇದೇ ರಾಜ್ಯದ ಪೊಲೀಸ್ ಇಲಾಖೆಯಿಂದ ಎರವಲು ಬಂದವರು. ನಾಳೆ ಹಿಂದಿರುಗಬೇಕಾದದ್ದು ಅದೇ ಇಲಾಖೆಗೆ, ವರ್ಗಾವಣೆ ಮಾಡುವವರು ಅದೇ ಸರ್ಕಾರದವರು. ಸಾಕ್ಷ್ಯ ನಿಜವಾಗಿ ಇರಲಿಲ್ಲವೋ ಏನೋ, ಇರಬಹುದು. ಆದರೆ ಆ ವರದಿಯನ್ನು ಹೊರಗಿನವನು ಹೇಗೆ ನಂಬಬೇಕು?

ಟಪ್ಪಾಲುಗುಮಾಸ್ತ:
ಈ ಒಂದು ಮಾತಿಗೆ ನಾನು ನಿಮ್ಮ ಪರ. ಲೋಕಾಯುಕ್ತಕ್ಕೆ ತನ್ನದೇ ಸಿಬ್ಬಂದಿ ಇಲ್ಲದಿರುವವರೆಗೆ ಎರವಲಿನ ಕತ್ತಿಯಲ್ಲಿ ಕಡಿಯಬೇಕು.

ಪಹಣಿಪುರಾಣ:
ಎಲ್ಲರಿಗೂ ಧನ್ಯವಾದ. ಓದಿ ತಲೆ ಬಿಸಿಯಾಯಿತು, ಆದರೂ ಹೋಗುತ್ತೇನೆ. ಅಣ್ಣ ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ಕೆಲಸ ಕೆಟ್ಟರೆ ನೋಂದಣಿಯ ಖರ್ಚು ಪೂರಾ ನನ್ನದು. ನಿನ್ನೆ ಜಿಲ್ಲೆಯ ಲೋಕಾಯುಕ್ತ ಪೊಲೀಸರನ್ನು ಕಂಡೆ. ಚೆನ್ನಾಗಿಯೇ ಮಾತನಾಡಿಸಿದರು. ಭೂಮಾಪಕರೊಂದಿಗೆ ನೇರವಾಗಿ ಮಾತನಾಡಲು ಹೇಳಿ ಧ್ವನಿ ಮುದ್ರಿಸುವ ಸಣ್ಣ ಯಂತ್ರ ಕೊಟ್ಟಿದ್ದಾರೆ. [ನಿರ್ವಾಹಕರಿಂದ ಎರಡು ಸಾಲು ಅಳಿಸಲಾಗಿದೆ]

ವೇದಿಕೆ ನಿರ್ವಾಹಕ:
ಸ್ವಾಮಿ, ದಿನ, ಸಮಯ, ಸ್ಥಳ ಎಲ್ಲವನ್ನೂ ಇಲ್ಲಿ ಬರೆದಿದ್ದೀರಲ್ಲ! ಆ ಕಚೇರಿಯವರೂ ಕನ್ನಡ ಓದುತ್ತಾರೆ. ಮುಗಿಯುವವರೆಗೆ ದಯವಿಟ್ಟು ಈ ಕಡೆ ಬರಬೇಡಿ.

ವಕಾಲತ್ತು:
ನಿರ್ವಾಹಕರು ಮಾಡಿದ್ದು ಸರಿ. ಮುಂದೆ ಆಗುವುದನ್ನು ಸಾಮಾನ್ಯವಾಗಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ. ನೋಟುಗಳನ್ನು ನೀವೇ ಒಯ್ಯಬೇಕು. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ (ಸಾಕ್ಷಿಗಳಾಗಿ) ಕರೆಸಿರುತ್ತಾರೆ. ಅವರ ಮುಂದೆ ನೋಟಿನ ಸಂಖ್ಯೆ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಮುಟ್ಟಿದವನ ಕೈಯನ್ನು ಸೋಡಾ ದ್ರಾವಣದಲ್ಲಿ ತೊಳೆದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆತ ಕೇಳುವ ಮೊದಲೇ ನೀವಾಗಿ ಹಣ ಚಾಚಬೇಡಿ. ಬಾಯಿಬಿಟ್ಟು ಕೇಳಲಿ. ಬಹಳ ಪ್ರಕರಣಗಳು ಸೋಲುವುದು ಅಲ್ಲಿ. ಇನ್ನೊಂದು ಕಡೆ ಸೋಲುವುದು ವರ್ಷಗಳ ನಂತರ, ದೂರುದಾರನೇ ನ್ಯಾಯಾಲಯದಲ್ಲಿ "ನನಗೆ ನೆನಪಿಲ್ಲ" ಎಂದಾಗ. ದೂರುದಾರ ತಿರುಗಿಬಿದ್ದರೂ ಉಳಿದ ಸಾಕ್ಷ್ಯಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೂ ನೀವು ಗಟ್ಟಿಯಾಗಿ ನಿಲ್ಲುವುದಕ್ಕೆ ಸಮನಾದದ್ದಿಲ್ಲ.

ಕೆಂಧೂಳು:
ಕರೆ ಬಂದರೆ ಸಾಕ್ಷಿ ಹೇಳಲು ಅಣ್ಣನನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಓಡಾಡುವವರನ್ನು ಬೇಗ ಸುಸ್ತು ಮಾಡುತ್ತಾರೆ.

ಟಪ್ಪಾಲುಗುಮಾಸ್ತ:
ನಕ್ಷೆಯ ಮಾತು ಯಾರೂ ಎತ್ತುತ್ತಿಲ್ಲ. ದಾಳಿಯ ದಿನ ನಿಮ್ಮ ಮೂಲ ಕಡತ ಜಪ್ತಿಯಾಗುವ ಸಾಧ್ಯತೆ ಹೆಚ್ಚು. ಆಮೇಲೆ ಕಚೇರಿಯವರು "ಕಡತ ಲೋಕಾಯುಕ್ತದಲ್ಲಿದೆ, ನಾವೇನು ಮಾಡಲಿ" ಎಂದು ಕೈ ಚೆಲ್ಲುತ್ತಾರೆ. ಅದು ನೆಪ. ದೃಢೀಕೃತ ನಕಲು ತರಿಸಿಕೊಂಡು ಕೆಲಸ ಮುಂದುವರಿಸಲು ಬರುತ್ತದೆ. ಆದ್ದರಿಂದ ಈಗಲೇ ಅರ್ಜಿ, ಶುಲ್ಕದ ರಸೀದಿ, ಅಳತೆಯ ದಿನದ ನೋಟಿಸು, ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ. ದಾಳಿಯಾದ ಮರುದಿನವೇ ಭೂದಾಖಲೆಗಳ ಸಹಾಯಕ ನಿರ್ದೇಶಕರ ಹೆಸರಿಗೆ, ಬೇರೆ ಭೂಮಾಪಕರನ್ನು ನೇಮಿಸಿ ನಕ್ಷೆ ಕೊಡಿ ಎಂದು ಮನವಿ ಬರೆದು ಟಪ್ಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಸಂಖ್ಯೆ ಹಾಕಿಸಿಕೊಳ್ಳಿ. ಮೊಹರು ಹಾಕಲು ಸತಾಯಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಮೂವತ್ತು ದಿನವಾದರೂ ಉತ್ತರವಿಲ್ಲದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ಮನವಿ ಯಾವ ವಿಷಯ ನಿರ್ವಾಹಕರ ಮೇಜಿನ ಮೇಲೆ ಯಾವ ದಿನದಿಂದ ಇದೆ ಎಂದು ಮಾತ್ರ ಕೇಳಿ. ಉದ್ದದ ಪ್ರಶ್ನೆ ಕೇಳಬೇಡಿ, ಅದಕ್ಕೆ ಅವರು ಉದ್ದದ ಉತ್ತರ ಬರೆಯುತ್ತಾರೆ.